ಗೂಡು ಬೇಯಲು ಒಂದು ಹಾಡು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬಿಸಿನೀರಿನಲ್ಲಿ ಆಡಿ ಆಡಿ ಚರ್ಮ ಬೆಂದು, ಬೆಳ್ಳಗಾಗಿ, ಸಿಪ್ಪೆ ಸುಲಿದ ಕಡಲೆಬೀಜದ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಬಂದಾಗ ಅದು ಅವರ ಬೆರಳನ್ನು ಹಿಡಿಯಲೇ ಇಲ್ಲ. ಹತ್ತು ಬೆರಳೂ ಇಟ್ಟು ನೋಡಿದರಂತೆ. "ನಾನು ಇಲ್ಲೇ ನಿಂತಿದೀನಿ, ನಿನ್ನ ಮಶೀನಿಗೆ ಕಣ್ಣಿಲ್ಲ" ಎಂದು ಅಂಗಡಿಯವನಿಗೆ ಬೀದಿಗೆಲ್ಲ ಕೇಳುವಂತೆ ಹೇಳಿ ಚೀಲ ಮಡಚಿಕೊಂಡು ಬಂದಿದ್ದರಂತೆ. ಅಂಥ ಕೈಯನ್ನು ಅವರು ಗುರುವಾರ ಬೆಳಿಗ್ಗೆ ರೇಡಿಯೋ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಅಂಗೈ ಪೂರ್ತಿ ಊರಿ.

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಷ್ಟು ಹೊತ್ತಿಗೆ ಮಾತು ಬಂದಿದ್ದರಿಂದ ಮಾತು ಉಳಿದುಕೊಂಡಿತು. ತಮ್ಮ ದನಿ ತಮಗೇ ಕೇಳದ ಕಾರಣ ಅವರು ಉಪ್ಪು ಕೇಳಿದರೂ ಜಗಳಕ್ಕೆ ಬಂದಂತಿರುತ್ತಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಸ್ವಲ್ಪ, ತುಟಿ ನೋಡಿ ಸ್ವಲ್ಪ, ಎರಡನ್ನೂ ಕೂಡಿಸಿ ನಮ್ಮ ಮಾತನ್ನು ಅರ್ಥ ಮಾಡಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು. ಅವರ ಮನೆಮಾತಿನಲ್ಲಿ ಹಾಗೆಂದರೆ ಅಮ್ಮನ ಒಡಹುಟ್ಟಿದವಳು.

ಶಿಡ್ಲಘಟ್ಟದಲ್ಲಿ ಅವರ ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಆರು ಬಾಣಲೆ ಹಾಕಿದ್ದರು. ರೇಷ್ಮೆಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ನೂಲು ಬಿಚ್ಚುವ ಕೆಲಸ. ಗಂಡ ತೀರಿಕೊಂಡ ಮೇಲೆ ಖಾಲಾ ಒಬ್ಬರೇ ನಡೆಸುತ್ತಿದ್ದರು. ಬೆಂದ ಹುಳದ ವಾಸನೆ ಸೀರೆಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ. ಸಂಜೆ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಕಾಲು ಚಾಚಿಕೊಂಡು ಬರಲು ಅದೇ ಅನುಕೂಲ.

ನಾನು ಅಲ್ಲಿಗೆ ಹೋದದ್ದು ಗಂಡ ಬಿಟ್ಟು ಹೋದ ಮೇಲೆ. ಆತ ಚಿಂತಾಮಣಿಯ ಕಡೆ ಇನ್ನೊಂದು ಸಂಸಾರ ಹೂಡಿದ. ಅದರ ಕಥೆ ಇಲ್ಲಿ ಬೇಡ, ಆತನ ಬಗ್ಗೆ ಬರೆಯಲು ನನಗೆ ಶಾಯಿ ಹೆಚ್ಚಾಗಿಲ್ಲ. ಆರು ವರ್ಷದ ಮಗಳಿದ್ದಳು. ಮೇಲೂರಿನ ಅಣ್ಣ ಬಂದು, "ಬಾರಮ್ಮ, ಮನೇಲಿ ದನ ಅವೆ, ಕೆಲ್ಸ ಅದೆ, ಒಂದು ಮೂಲೇಲಿ ಇರೀವಂತೆ" ಎಂದ. ಆ ಮೂಲೆ ನನಗೆ ಗೊತ್ತಿತ್ತು. ನಮ್ಮ ದೊಡ್ಡತ್ತೆ ಒಬ್ಬರು ಅದೇ ಮೂಲೆಯಲ್ಲಿ ಸಗಣಿ ಬಾಚಿ ಬಾಚಿ ಸತ್ತಿದ್ದರು. ಅಲ್ಲಿಗೆ ಹೋದರೆ ನನ್ನ ಮಗಳ ಕೈಗೂ ಪುಸ್ತಕ ಹೋಗಿ ಸಗಣಿ ಬುಟ್ಟಿ ಬರುತ್ತಿತ್ತು. ಖಾಲಾ ಹತ್ತಿರ ಕೆಲಸ ಕೇಳಿದೆ ಎಂದು ಗೊತ್ತಾದಾಗ ಅಣ್ಣ ಕೂಗಾಡಿದ.

"ಜಮೀನಿರೋ ಮನೆ ಹೆಣ್ಣು ಸಾಬರ ಮನೇಲಿ ಹುಳದ ನೀರಿಗೆ ಕೈ ಹಾಕ್ತಾಳಾ? ಊರಲ್ಲಿ ತಲೆ ಎತ್ಕೊಂಡು ತಿರುಗೋದು ಹೆಂಗೆ?"

"ನಿಮ್ಮ ಮನೆ ತೊಟ್ಟಿ ತುಂಬ ಹುಳಾನೇ ಸಾಕಿದೀರಲ್ಲಣ್ಣ. ಸಾಕುವಾಗ ಇಲ್ಲದ ಮಡಿ ಬೇಯಿಸುವಾಗ ಎಲ್ಲಿಂದ ಬಂತು?" ಎಂದೆ. ಆತ ಎದ್ದು ಹೋದ.

ಖಾಲಾ ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. "ಒಂದು ತಿಂಗಳು ನೋಡ್ತೀನಿ. ಕೈ ಕೂತ್ರೆ ಇರು. ಇಲ್ಲಾಂದ್ರೆ ಹೋಗು. ಅಳೋ ಹಂಗಿಲ್ಲ" ಎಂದರು. ನಾನು ಅಳುವವಳಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

ಗೂಡು ಬೇಯಿಸುವುದು ನೋಡಲು ಸುಲಭ. ಕಡಿಮೆ ಬೆಂದರೆ ಎಳೆ ಬಿಡುವುದಿಲ್ಲ, ಪಟಪಟನೆ ತುಂಡಾಗುತ್ತದೆ. ಹೆಚ್ಚು ಬೆಂದರೆ ಮುದ್ದೆಯಾಗುತ್ತದೆ. ನಡುವಿನ ಹದ ಸಿಗಬೇಕು. ಗೋಡೆ ಗಡಿಯಾರ ಇತ್ತು, ಆದರೆ ಅದರ ಗಾಜಿಗೆ ಹಬೆ ಹಿಡಿದು ಮುಳ್ಳು ಕಾಣುತ್ತಿರಲಿಲ್ಲ. ಹಾಗಾಗಿ ಖಾಲಾ ಅವರ ಗಂಡನ ಕಾಲದಿಂದಲೂ ಆ ಮನೆಯಲ್ಲಿ ಒಂದೇ ಲೆಕ್ಕ: ಒಂದು ಹಾಡಿನಷ್ಟು ಬೇಯಿಸು. ಹಾಡು ಶುರುವಾದಾಗ ಗೂಡು ಸುರಿ, ಹಾಡು ಮುಗಿದಾಗ ಎತ್ತು. ರೇಡಿಯೋದಲ್ಲಿ ಹಾಡು ಬಾರದ ಹೊತ್ತಿನಲ್ಲಿ ನಮ್ಮಲ್ಲೊಬ್ಬಳು ಮನಸ್ಸಿನಲ್ಲೇ ಹಾಡಿಕೊಂಡು ಬೇಯಿಸಬೇಕು. ಬೇಯಿಸುವವಳ ತುಟಿ ಅಲ್ಲಾಡುತ್ತಿದ್ದರೆ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಗುರುವಾರ ಬೆಳಿಗ್ಗೆ ಮಾತ್ರ ಹಬ್ಬ. ಸಿನಿಮಾಗಳಲ್ಲಿ ಹಾಡಿ ಮನೆಮನೆಗೂ ಗೊತ್ತಿದ್ದ ಹಾಡುಗಾರರೊಬ್ಬರು ಆಗ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಕೇಳುಗರ ಕಾಗದ ಓದಿ, ಅದಕ್ಕೆರಡು ಮಾತು ಸೇರಿಸಿ, ಹಾಡು ಹಾಕುವುದು. ದೊಡ್ಡ ಮನುಷ್ಯರು ಮಾತಾಡಿದಂತೆ ಇರುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡುವ ಭಾವನ ಹಾಗೆ. ನಡುವೆ ಕೆಮ್ಮುತ್ತಿದ್ದರು, ತಮ್ಮ ಮಾತಿಗೆ ತಾವೇ ನಗುತ್ತಿದ್ದರು.

ಆ ಹೊತ್ತಿಗೆ ಖಾಲಾ ಎಲ್ಲಿದ್ದರೂ ಬಂದು ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಅಂಗೈ ಇಡುತ್ತಿದ್ದರು. ಹಾಡು ನಿಂತದ್ದು ನಮ್ಮ ಕಿವಿಗೆ ಬೀಳುವಷ್ಟರಲ್ಲೇ ಅವರ ಬಾಯಿಂದ "ಎತ್ತು!" ಎಂದು ಬರುತ್ತಿತ್ತು. ಆಮೇಲೆ ಹಾಡುಗಾರರ ಮಾತು ಶುರುವಾದರೆ ಅವರ ಮುಖ ಸಣ್ಣದಾಗುತ್ತಿತ್ತು. ಗಂಡ ಇದ್ದಾಗ ಆತ ಎಲ್ಲವನ್ನೂ ಕಿವಿಯಲ್ಲಿ ಕೂಗಿ ಹೇಳುತ್ತಿದ್ದನಂತೆ. ಆತ ಹೋದ ಮೇಲೆ ಹೇಳುವವರಿರಲಿಲ್ಲ. ಉಳಿದ ಹೆಂಗಸರಿಗೆ ಅವರೆಂದರೆ ಭಯ. ನನ್ನ ಗಂಟಲು ಮೊದಲಿಂದಲೂ ದೊಡ್ಡದು. ಎರಡನೆಯ ವಾರವೇ ಅವರು ನನ್ನನ್ನು ಕರೆದು, "ಏನಂದ ಅವ್ನು?" ಎಂದು ಕೇಳಿದರು. ನಾನು ಹೋಗಿ ಎಡಗಿವಿಯಲ್ಲಿ ಕೂಗಿದೆ. ಯಾರೋ ಮುದುಕ ಹೆಂಡತಿಗಾಗಿ ಹಾಡು ಕೇಳಿದ್ದಾನಂತೆ, ಹೆಂಡತಿ ಅಡುಗೆಮನೆಯಿಂದ ಆಚೆ ಬರದೆ ಹಾಡು ತಪ್ಪಿಸಿಕೊಂಡಳಂತೆ, ಇನ್ನೊಂದು ಸಲ ಹಾಕಿ ಅಂತ ಮತ್ತೆ ಕಾಗದ ಬರೆದಿದ್ದಾನಂತೆ. ಖಾಲಾ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಗುರುವಾರ ನಾನೇ ಅವರ ಕಿವಿ.

ಇಷ್ಟಾದರೂ ನನ್ನ ಕೆಲಸ ಗಟ್ಟಿಯಾಗಿರಲಿಲ್ಲ. ಕಿವಿಯಲ್ಲಿ ಕೂಗಿದ್ದಕ್ಕೆ ಯಾರೂ ಬಾಣಲೆ ಕೊಡುವುದಿಲ್ಲ.

ತಿಂಗಳು ಮುಗಿಯಲು ಹತ್ತು ದಿನವಿತ್ತು. ಆ ಗುರುವಾರ ಮಾರುಕಟ್ಟೆಗೆ ಗೂಡು ಬಹಳ ಬಂದಿದೆ ಎಂದು ಖಾಲಾ ಬೆಳಿಗ್ಗೆಯೇ ಹೋಗಿದ್ದರು. ಬೇಯಿಸುವ ಪಾಳಿ ನನ್ನದು. ಕೆಂಚಾರ್ಲಹಳ್ಳಿಯ ರೈತರೊಬ್ಬರ ಗೂಡು, ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗಿ ಸದ್ದು ಮಾಡುವ ಒಳ್ಳೆಯ ಮಾಲು. ಹಾಡುಗಾರರು ಆವತ್ತು ಹೇಳಿದರು: "ಇವತ್ತು ನಮ್ಮಮ್ಮ ಹೇಳಿಕೊಟ್ಟಿದ್ದ ಒಂದು ಪದ ಹಾಡ್ತೀನಿ. ವಾದ್ಯ ಇಲ್ಲ, ಏನೂ ಇಲ್ಲ. ಬೇಜಾರಾದ್ರೆ ರೇಡಿಯೋ ಆರಿಸಿಬಿಡಿ." ಹಾಡು ಶುರುವಾಯಿತು. ನಾನು ಗೂಡು ಸುರಿದೆ.

ಆ ಪದ ಮುಗಿಯಲೇ ಇಲ್ಲ. ಮುಗಿಯಿತು ಎನ್ನುವಾಗ ಇನ್ನೊಂದು ನುಡಿ ಬರುತ್ತಿತ್ತು. ಬೀಸುಕಲ್ಲಿನ ಮುಂದೆ ಕೂತ ಹೆಂಗಸೊಬ್ಬಳು ತವರನ್ನು ನೆನೆಯುವ ಪದ. ಎಲ್ಲರ ಕೈಯೂ ನಿಧಾನವಾಯಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ನೀರಿನ ಬಣ್ಣ ಬದಲಾದದ್ದು ಕಂಡಿತು. ಆದರೂ ಎತ್ತಲಿಲ್ಲ. ಹಾಡು ಮುಗಿಯುವ ಮೊದಲು ಎತ್ತಬಾರದು ಎಂದಲ್ಲವೇ ಹೇಳಿಕೊಟ್ಟದ್ದು? ಹೊಸಬಳ ಭಯ ಅಂಥದ್ದು. ಕಣ್ಣಿಗೆ ಕಂಡದ್ದಕ್ಕಿಂತ ಹೇಳಿದ ಮಾತೇ ದೊಡ್ಡದು. ಹಾಡು ಮುಗಿದು ಸೌಟು ಇಳಿಸಿದಾಗ ಗೂಡೆಲ್ಲ ಒಂದಕ್ಕೊಂದು ಅಂಟಿ ಗಂಜಿಯಂತಾಗಿತ್ತು.

ಪಕ್ಕದ ಬಾಣಲೆಯವಳು ಬಾಗೇಪಲ್ಲಿ ಕಡೆಯವಳು, ತೆಲುಗು ಮಾತಿನವಳು. ಬಗ್ಗಿ ನೋಡಿ, "ಅಯ್ಯಯ್ಯೋ, ಪಪ್ಪು ಚೇಸೇಸಿಂದಿ ಚೂಡು! ಬೇಳೆ ಬೇಯಿಸ್ಬಿಟ್ಯಲ್ಲೇ ತಾಯಿ, ಒಗ್ಗರಣೆ ಒಂದು ಬಾಕಿ" ಎಂದಳು. ಎಲ್ಲರೂ ನಕ್ಕರು. ನನಗೆ ಮೇಲೂರಿನ ಕೊಟ್ಟಿಗೆ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಖಾಲಾ ಬಂದರು. ಬಾಣಲೆ ನೋಡಿದರು. ನನ್ನನ್ನು ನೋಡಿದರು.

"ಏನಿದು?"

"ಗೂಡೇ ಸರಿ ಇರ್ಲಿಲ್ಲ ಖಾಲಾ. ಹಸಿ ಗೂಡು ಕೊಟ್ಟವ್ರೆ ಆ ಕೆಂಚಾರ್ಲಹಳ್ಳಿಯೋರು" ಎಂದು ಕಿವಿಯಲ್ಲಿ ಕೂಗಿದೆ.

ಅವರು ಬುಟ್ಟಿಯಲ್ಲಿ ಉಳಿದಿದ್ದ ಗೂಡೊಂದನ್ನು ತೆಗೆದು ಅಲ್ಲಾಡಿಸಿದರು. ಕೇಳಿಸುತ್ತಿರಲಿಲ್ಲ, ಬೆರಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಈ ಮನುಷ್ಯ ಏಳು ವರ್ಷದಿಂದ ನಂಗೆ ಗೂಡು ಕೊಡ್ತಾನೆ. ನಿನ್ನ ಮಾತು ನಂಬಿ ನಾಳೆ ಅವನ ಮಾಲು ಬಿಟ್ರೆ ಅವನ ಮಕ್ಕಳು ಏನು ತಿನ್ಬೇಕು? ನೀನು ತಪ್ಪು ಮಾಡಿದ್ರೆ ನಿನ್ನ ತಲೆ ಮೇಲೆ ಹಾಕ್ಕೋ. ಬೆಳೆದವನ ತಲೆ ಮೇಲೆ ಹಾಕ್ಬೇಡ. ಈಗ ಹೇಳು, ಏನಾಯ್ತು?"

ಹೇಳಿದೆ. ಹಾಡು ಉದ್ದವಾಯಿತು, ಮುಗಿಯಲಿ ಎಂದು ಕಾದೆ ಎಂದೆ. ಆಮೇಲೆ ಅವರು ಹೇಳಿದ ಮಾತು ಇಷ್ಟು ವರ್ಷವಾದರೂ ನನ್ನ ತಲೆಯಲ್ಲಿದೆ.

"ಹಾಡು ಅವನದು. ನೀರು ನಿಂದು."

ಹೊಗಳುವ ದನಿಯೂ ಅಲ್ಲ, ಬೈಯುವ ದನಿಯೂ ಅಲ್ಲ. ಎಂದಿನಂತೆ ಕೂಗಿಯೇ ಹೇಳಿದರು. ಆ ಗಂಜಿಯಿಂದಲೇ ಎಳೆ ತೆಗೆ ಎಂದು ಸಂಜೆಯ ತನಕ ಕೂರಿಸಿದರು. ಒಂದು ಮೊಳ ಬರುವುದು, ತುಂಡಾಗುವುದು. ಬಟ್ಟಲು ತುಂಬ ಕಸ ಬಂತೇ ಹೊರತು ನೂಲು ಬರಲಿಲ್ಲ. ಮನೆಗೆ ಹೋಗಿ ಮಗಳ ಬಟ್ಟೆಯನ್ನು ಗಂಟು ಕಟ್ಟಿಟ್ಟೆ, ಹೇಗೂ ಮೇಲೂರಿಗೆ ಹೊರಡಬೇಕಲ್ಲ ಎಂದು.

ಮಾರನೆಯ ದಿನ ಹೇಳಿಹೋಗಲು ಬಂದರೆ ಖಾಲಾ ಕೈಯಲ್ಲಿ ಹತ್ತಿ ಹಿಡಿದುಕೊಂಡು ನಿಂತಿದ್ದರು. ನನ್ನ ಎರಡು ಕಿವಿಗೂ ತಾವೇ ಗಿಡಿದರು. ಬಾಣಲೆಯ ಮುಂದೆ ನಿಲ್ಲಿಸಿ, ಕೈ ಹಿಡಿದು, ತೋರಿಸಿದರು. ಗೂಡು ಮೊದಲು ತೇಲುತ್ತದೆ. ನೀರು ಕುಡಿದಾಗ ಸ್ವಲ್ಪ ತಗ್ಗುತ್ತದೆ. ಮೇಲಿನ ನವಿರು ಸಡಿಲವಾಗಿ, ಒತ್ತಿದರೆ ಹದವಾಗಿ ಬೆಂದ ಅವರೆಕಾಳಿನ ಹಾಗೆ ಬೆರಳಿಗೆ ಮಣಿಯುತ್ತದೆ. ಅದೇ ಹೊತ್ತು. ಅದರ ಮುಂದೆ ಹಾಡೂ ಇಲ್ಲ, ಗಡಿಯಾರವೂ ಇಲ್ಲ. ಒಂದು ವಾರ ಹತ್ತಿ ತೆಗೆಯಲು ಬಿಡಲಿಲ್ಲ. ಊಟಕ್ಕೆ ಕರೆದರೂ ನನಗೆ ಕೇಳುತ್ತಿರಲಿಲ್ಲ. ಬಾಗೇಪಲ್ಲಿಯವಳು ಕಲ್ಲು ಎಸೆದು ಕರೆಯುತ್ತಿದ್ದಳು.

ಗುರುವಾರ ಬಂತು. ಕಾರ್ಯಕ್ರಮದ ಹೊತ್ತಿಗೂ ಹತ್ತಿ ತೆಗೆಯಲಿಲ್ಲ. ಖಾಲಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ನನ್ನ ಕಡೆ ತಿರುಗಿ, ದೊಡ್ಡದಾಗಿ ಬಾಯಿ ಆಡಿಸಿ ಹೇಳತೊಡಗಿದರು. "ಈಗ ಮಾತಾಡ್ತಾವ್ನೆ." "ಈಗ ಹಾಡು." "ಈಗ ಕೆಮ್ಮಿದ ನೋಡು!" ಅಂದು ನಾನು ಕಿವುಡಿ, ಅವರು ನನ್ನ ಕಿವಿ. ಆ ದಿನ ನಾನು ಬೇಯಿಸಿದ ಒಂದು ಗೂಡೂ ಕೆಡಲಿಲ್ಲ.

ತಿಂಗಳು ತುಂಬಿದ ದಿನ ಅವರು ಇರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮೂರನೆಯ ಬಾಣಲೆಯ ಮುಂದಿದ್ದ ಮಣೆಯನ್ನು ಕಾಲಿನಲ್ಲಿ ನನ್ನ ಕಡೆ ತಳ್ಳಿದರು. ಆ ಮಣೆಯ ಮೇಲೆ ನಾನು ಹತ್ತೊಂಬತ್ತು ವರ್ಷ ಕೂತೆ. ಮಗಳ ಬಟ್ಟೆಯ ಗಂಟನ್ನು ಅವತ್ತೇ ಬಿಚ್ಚಿದೆ.

ಖಾಲಾ ಒಳ್ಳೆಯವರು ಎಂದು ನಾನು ಹೇಳುವುದಿಲ್ಲ. ಬಾಯಿ ಕೆಟ್ಟದ್ದು. ಟೀಗೆ ಸಕ್ಕರೆ ಹಾಕುವಾಗ ಚಮಚವನ್ನು ಉದುರಿಸಿ ಉದುರಿಸಿ ಅರ್ಧ ವಾಪಸ್ಸು ಡಬ್ಬಿಗೆ ಹಾಕುತ್ತಿದ್ದರು. ಏನಾದರೂ ಬೇಕು ಎಂದು ಎದುರಿಗೆ ನಿಂತು ಕೇಳಿದರೆ ಒಂದೇ ಉತ್ತರ: "ಇದ್ರೆ ಇರು, ಇಲ್ಲಾಂದ್ರೆ ಹೋಗು." ಅದಕ್ಕೇ ಯಾರೂ ಏನೂ ಕೇಳುತ್ತಿರಲಿಲ್ಲ.

ಒಂದು ಮಾಗಿಯಲ್ಲಿ ಚಳಿ ಬಹಳ ಬಿತ್ತು. ಕುದಿನೀರಿನಿಂದ ತೆಗೆದ ಕೈಗೆ ತಣ್ಣನೆಯ ಗಾಳಿ ತಾಗಿ ಆರು ಜನದ ಬೆರಳೂ ಬಿರಿದು ರಕ್ತ ಬರುತ್ತಿತ್ತು. ಅನ್ನ ಕಲಸಿದರೆ ಉಪ್ಪು ಉರಿಯುತ್ತಿತ್ತು. ಕೇಳುವವರು ಯಾರು? ಆ ಗುರುವಾರ ಹಾಡುಗಾರರಿಗೆ ಗಂಟಲು ಕಟ್ಟಿತ್ತೋ ಏನೋ, ಮಾತೇ ಇಲ್ಲ, ಹಾಡಿನ ಹಿಂದೆ ಹಾಡು ಹಾಕುತ್ತಿದ್ದರು. ಖಾಲಾ ಎಂದಿನಂತೆ ಅಂಗೈ ಇಟ್ಟು ಕೂತಿದ್ದರು. ನನಗೆ ಒಂದು ಬುದ್ಧಿ ಬಂತು. ಎದ್ದು ಹೋಗಿ ಕಿವಿಯಲ್ಲಿ ಕೂಗಿದೆ.

"ಖಾಲಾ, ಅವ್ರು ಏನಂದ್ರು ಗೊತ್ತಾ?"

"ಏನಂದ?"

"ಬಿಸಿನೀರಲ್ಲಿ ಕೆಲ್ಸ ಮಾಡೋ ಹೆಂಗಸ್ರು ಸಂಜೆ ಹೊತ್ತು ಕೈಗೆ ಕೊಬ್ಬರಿ ಎಣ್ಣೆ ಹಚ್ಕೋಬೇಕಂತೆ. ಇಲ್ದಿದ್ರೆ ಬೆರಳು ಸತ್ತೋಗ್ತವಂತೆ."

"ಹಂಗಂದ್ನಾ?"

"ಹಂಗೇ ಅಂದ್ರು."

"ಹಾಡೋನಿಗೆ ನಮ್ಮ ಕೈ ವಿಷ್ಯ ಹೆಂಗೆ ಗೊತ್ತು?"

"ಯಾರೋ ಕಾಗ್ದ ಬರ್ದಿದ್ರಂತೆ. ರಾಮನಗರದಿಂದ. ಅಲ್ಲೂ ಗೂಡು ಬೇಯಿಸ್ತಾರಲ್ಲ."

ಖಾಲಾ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. "ರಾಮನಗರದೋರು ಬುದ್ಧಿವಂತ್ರು" ಎಂದರು.

ಮಾರನೆಯ ಸಂಜೆ ಗೂಡಿನಲ್ಲಿ, ಎಂದರೆ ಗೋಡೆಯ ದೀಪದ ಗೂಡಿನಲ್ಲಿ, ಎಣ್ಣೆಯ ಸೀಸೆ ಇತ್ತು. ಪಕ್ಕದಲ್ಲಿ ಸೀಗೆಪುಡಿಯ ಡಬ್ಬಿ. "ಎಣ್ಣೆ ಕೆಲ್ಸ ಮುಗಿದ ಮೇಲೆ. ಬೆಳಿಗ್ಗೆ ಸೀಗೆಪುಡಿ ಹಾಕಿ ತೊಳೀಬೇಕು. ನೂಲಿಗೆ ಎಣ್ಣೆ ತಾಗಿದ್ರೆ ಕೈ ಮುರೀತೀನಿ" ಎಂದು ಕೂಗಿದರು. ಆ ಸೀಸೆ ಮುಂದೆ ಯಾವತ್ತೂ ಖಾಲಿ ಇರಲಿಲ್ಲ. ಖಾಲಾ ಮಾತ್ರ ಹಚ್ಚಿಕೊಳ್ಳುತ್ತಿರಲಿಲ್ಲ. ಕೇಳಿದರೆ, "ನಂದು ಆಗ್ಲೇ ಸತ್ತೋಗಿದೆ. ಸುಮ್ನೆ ಎಣ್ಣೆ ದಂಡ" ಎಂದರು.

ನನಗೆ ಧೈರ್ಯ ಬಂತು. ಬಾಗೇಪಲ್ಲಿಯವಳು ಹೆರಿಗೆಯಾಗಿ ತಿಂಗಳಿಗೇ ಕೆಲಸಕ್ಕೆ ಬಂದಾಗ, ಮಗುವಿಗೆ ಹಾಲೂಡಿಸುವವರು ಮಧ್ಯಾಹ್ನ ಒಂದು ಸಲ ಮನೆಗೆ ಹೋಗಿ ಬರಬೇಕು ಎಂದು ಹಾಡುಗಾರರ ಬಾಯಲ್ಲಿ ಹೇಳಿಸಿದೆ. ಅದೂ ನಡೆಯಿತು. ಆಮೇಲೆ ದುರಾಸೆ ಬಂತು. ಗುರುವಾರ ಮಧ್ಯಾಹ್ನದ ಮೇಲೆ ಹೆಂಗಸರಿಗೆ ರಜೆ ಕೊಡಬೇಕಂತೆ ಎಂದೆ. ಖಾಲಾ ಪೆಟ್ಟಿಗೆಯ ಮೇಲಿನ ಕೈ ತೆಗೆಯದೆಯೇ, "ಅವ್ನಿಗೊಂದು ಕಾಗ್ದ ಬರಿ, ಇದು ನಿಮ್ಮಪ್ಪನ ಮನೆ ಅಲ್ಲಪ್ಪ ಅಂತ" ಎಂದರು. ಅಲ್ಲಿಗೆ ನಿಲ್ಲಿಸಿದೆ.

ಎಷ್ಟೋ ವರ್ಷಗಳ ಮೇಲೆ ಆ ಹಾಡುಗಾರರ ಕಾರ್ಯಕ್ರಮ ನಿಂತಿತು. ದೊಡ್ಡ ಯಂತ್ರಗಳು ಬಂದವು, ಸಣ್ಣ ಬಾಣಲೆಗಳು ಒಂದೊಂದಾಗಿ ಆರಿದವು, ನಮ್ಮದೂ ಆರಿತು. ನನ್ನ ಮಗಳು ಅಷ್ಟು ಹೊತ್ತಿಗೆ ಓದು ಮುಗಿಸಿ ಗೌರಿಬಿದನೂರಿನಲ್ಲಿ ಮೇಡಂ ಆಗಿದ್ದಳು. ನಾನು ಮೂರನೆಯ ಕ್ಲಾಸಿಗೆ ಬಿಟ್ಟವಳು. ಅವಳು ಮಕ್ಕಳಿಗೆ ಅ ಆ ಇ ಈ ತಿದ್ದಿಸುವುದನ್ನು ನೋಡಲೆಂದೇ ಒಂದು ಸಲ ಶಾಲೆಯ ಬಾಗಿಲಲ್ಲಿ ನಿಂತು ಬಂದೆ.

ಕಳೆದ ವರ್ಷ ಖಾಲಾ ಹಾಸಿಗೆ ಹಿಡಿದರು ಎಂದು ಗೊತ್ತಾಗಿ ನೋಡಲು ಹೋದೆ. ಬಾಣಲೆಗಳಿದ್ದ ಜಾಗದಲ್ಲಿ ಯಾರದೋ ಸಿಮೆಂಟಿನ ಮೂಟೆಗಳಿದ್ದವು. ಖಾಲಾ ಅವರ ಸೊಸೆ ಒಳ್ಳೆಯವಳು, ಅವರನ್ನು ಚೊಕ್ಕಟವಾಗಿ ಇಟ್ಟಿದ್ದಳು. ಖಾಲಾ ಮುಷ್ಟಿಯಷ್ಟಾಗಿದ್ದರು. ನನ್ನ ಕೈಯನ್ನು ಹಿಡಿದು ಮೊದಲಿನಂತೆಯೇ ತಿರುಗಿಸಿ ನೋಡಿದರು, ಬೆರಳ ತುದಿಯನ್ನು ತಮ್ಮ ನುಣುಪಾದ ಬೆರಳಿನಿಂದ ಉಜ್ಜಿದರು. ಆಮೇಲೆ ಕೇಳಿದರು:

"ಆ ರಾಮನಗರದ ಕಾಗ್ದ ನೀನೇ ಅಲ್ವಾ ಬರ್ದಿದ್ದು?"

ನಾನು ತುಟಿ ಬಿಗಿದುಕೊಂಡೆ. ತುಟಿ ಆಡಿದರೆ ಅವರು ಓದಿಬಿಡುತ್ತಾರೆ.

"ನಂಗೆ ಅವತ್ತೇ ಗೊತ್ತು ಬೇಟಿ. ಹಾಡಿದ್ರೆ ಪೆಟ್ಟಿಗೆ ಒಂದೇ ಸಮ ನಡುಗುತ್ತೆ. ಮಾತಾಡಿದ್ರೆ ಬಿಟ್ಟು ಬಿಟ್ಟು ಕುಟ್ಟುತ್ತೆ. ಅವತ್ತು ಅವ್ನು ಬಾಯೇ ಬಿಡ್ಲಿಲ್ಲ. ನೀನು ಬಂದು ಅಷ್ಟುದ್ದ ಹೇಳ್ದೆ."

ಇಷ್ಟು ವರ್ಷ ಅವರಿಗೆ ಟೋಪಿ ಹಾಕಿದೆ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದವಳು ನಾನು. ಕಿವಿಯ ಹತ್ತಿರ ಬಾಯಿಟ್ಟು, "ಮತ್ತೆ ಎಣ್ಣೆ ಯಾಕೆ ತಂದ್ರಿ?" ಎಂದು ಕೂಗಿದೆ.

"ಕೈ ಬಿರಿದಿತ್ತಲ್ಲ. ಅದೂ ಸುಳ್ಳಾ?"

"ಗೂಡು ಸರಿ ಇಲ್ಲ ಅಂದಾಗ ಬೈದ್ರಿ. ಆವಾಗ್ಲೂ ಬೈಬೋದಿತ್ತಲ್ಲ?"

"ಬೈದಿದ್ರೆ ನೀನು ಇನ್ನೊಂದು ಸಲ ಬಂದು ಕೇಳ್ತಿದ್ಯಾ? ಬಾಗೇಪಲ್ಲಿಯವಳ ಕೂಸು ಹಾಲಿಲ್ದೆ ಅಳ್ತಿತ್ತು." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ಕೊಡೋಕೆ ನಂಗೂ ಒಂದು ನೆಪ ಬೇಕಿತ್ತು. ನಾನು ಕೊಟ್ಟೆ ಅಂದ್ರೆ ನಾಳೆಯಿಂದ ಯಾರೂ ನಂಗೆ ಹೆದರ್ತಿರ್ಲಿಲ್ಲ. ಅವ್ನು ಹೇಳ್ದ ಅಂದ್ರೆ ಆಯ್ತು."

ಸೊಸೆ ಟೀ ತಂದಳು. ಸಕ್ಕರೆ ತುಂಬ ಹಾಕಿದ್ದಳು. ಖಾಲಾ ಒಂದು ಗುಟುಕು ಕುಡಿದು ಮುಖ ಕಿವುಚಿ, ದಂಡ ದಂಡ ಎಂದು ಗೊಣಗಿದರು.

ಹದಿನೈದು ದಿನಕ್ಕೆ ತೀರಿಕೊಂಡರು. ಹೋಗಿ ಹೆಂಗಸರ ನಡುವೆ ಕೂತು ಬಂದೆ. ಬಾಗೇಪಲ್ಲಿಯವಳೂ ಬಂದಿದ್ದಳು, ಮಧ್ಯಾಹ್ನ ಹಾಲು ಕುಡಿದು ಬೆಳೆದ ಆ ಮಗನೇ ಬೈಕಿನಲ್ಲಿ ಕರೆತಂದಿದ್ದ. ಅವಳು ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ. ಅಳೋ ಹಂಗಿಲ್ಲ ಎಂದು ಮೊದಲ ದಿನವೇ ಮಾತಾಗಿತ್ತಲ್ಲ.

ಮೊನ್ನೆ ರೇಷನ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದವಳು ಎಣ್ಣೆಯ ಸೀಸೆ ಇಲ್ಲದ ಬೇರೆ ಕಡೆ ಬಾಣಲೆಯಲ್ಲಿ ದುಡಿದವಳು, ನನ್ನಷ್ಟೇ ವಯಸ್ಸು. ಯಂತ್ರ ಅವಳ ಬೆರಳನ್ನು ಹಿಡಿಯಲಿಲ್ಲ. ಒರೆಸಿ ಇಟ್ಟಳು, ಉಗುಳು ಹಚ್ಚಿ ಇಟ್ಟಳು, ಸೆರಗಿನಲ್ಲಿ ಉಜ್ಜಿ ಇಟ್ಟಳು. "ಆಮೇಲೆ ಬಾರಜ್ಜಿ" ಎಂದು ಅಂಗಡಿಯವನು ಅವಳನ್ನು ಪಕ್ಕಕ್ಕೆ ನಿಲ್ಲಿಸಿದ. ಆಮೇಲೆ ನನ್ನ ಸರದಿ. ಹೆಬ್ಬೆಟ್ಟು ಇಟ್ಟೆ. ಮೊದಲ ಸಲಕ್ಕೇ ಹಿಡಿಯಿತು.